ಒಂದು ಜಾಗಾ ಖಾಲಿ ಅದ

ನಾಯಕರು ಶಾಲೆಗೆ ಬರುವುದು, ನಾನು ಮೈಕ್ ಹಿಡಿಯುವುದು, ಏನಾದರೊಂದು ಎಡವಟ್ಟಾಗುವುದು. ನನ್ನ ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಇದು ತಪ್ಪದೆ ನಡೆದುಕೊಂಡು ಬಂದಿದೆ. ಮೊದಮೊದಲು ಎದೆ ಹೊಡೆದುಕೊಳ್ಳುತ್ತಿತ್ತು. ಈಗ ಬೆಳಿಗ್ಗೆ ಫೋನ್ ಬಂದು, "ಮೇಡಂ, ನಾಡಿದ್ದು ಸಾಹೇಬ್ರು ಮಕ್ಕಳ ಜೋಡಿ ಸಂವಾದ ಮಾಡ್ತಾರಂತ್ರಿ" ಎಂದರೆ, "ಆಯ್ತ್ರಿ" ಎಂದು ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕುತ್ತೇನೆ.

ನಾನು ಸರ್ಕಾರಿ ಹೈಸ್ಕೂಲಿನ ಕನ್ನಡ ಟೀಚರು. ದನಿ ದೊಡ್ಡದು, ಅಕ್ಷರ ದುಂಡಗೆ. ಸರ್ಕಾರಿ ಶಾಲೆಯಲ್ಲಿ ಈ ಎರಡು ಗುಣ ಇದ್ದವರು ಅದನ್ನು ಹೊರಗೆ ತೋರಿಸಿಕೊಳ್ಳಬಾರದು. ನಾನು ತೋರಿಸಿಕೊಂಡುಬಿಟ್ಟೆ. ಅಂದಿನಿಂದ ಸ್ವಾಗತ, ನಿರೂಪಣೆ, ವಂದನಾರ್ಪಣೆ, ಮಕ್ಕಳು ಕೇಳಬೇಕಾದ ಪ್ರಶ್ನೆ ಬರೆಯುವುದು, ಎಲ್ಲ ಮುಗಿದ ಮೇಲೆ ವರದಿ ಬರೆಯುವುದು, ಅಷ್ಟೂ ನನ್ನ ಕೊರಳಿಗೆ ಬಿದ್ದಿದೆ. ಆ ವರದಿಯ ಕೊನೆಗೆ ಒಂದು ಕಲಂ ಇರುತ್ತದೆ: "ಕಾರ್ಯಕ್ರಮದಿಂದ ಆದ ಲಾಭ". ಯಾರಿಗೆ ಆದ ಲಾಭ ಎಂದು ಅಲ್ಲಿ ಕೇಳಿರುವುದಿಲ್ಲ. ನಾನು ಪ್ರತಿ ಸಲ "ಮಕ್ಕಳಲ್ಲಿ ನಾಯಕತ್ವದ ಅರಿವು ಮೂಡಿತು" ಎಂದು ಬರೆದು ಸಹಿ ಹಾಕುತ್ತೇನೆ. ಖರೆ ಹೇಳಬೇಕೆಂದರೆ ಲಾಭವೆಲ್ಲ ಬಂದುಹೋದವರಿಗೇ ಆಗಿದೆ. ನಮ್ಮ ಮಕ್ಕಳಿಗೆ ಬೇಕಾಗಿದ್ದದ್ದು ಒಬ್ಬ ಗಣಿತದ ಮಾಸ್ತರು ಮಾತ್ರ. ಅವರು ಬಂದರೋ ಇಲ್ಲವೋ, ಕೊನೆಗೆ ಹೇಳುತ್ತೇನೆ.

ಸಾಹೇಬರ ಸೀಟು

ಆಗ ನಾನು ಕಲಬುರಗಿಯಲ್ಲೇ, ಗಾಜಿಪುರದ ಕಡೆಯ ಒಂದು ಶಾಲೆಯಲ್ಲಿದ್ದೆ. ಐದನೆಯ ತರಗತಿಯಿಂದ ಹತ್ತನೆಯದರವರೆಗೆ ಎಲ್ಲ ಒಂದೇ ಕಟ್ಟಡದಲ್ಲಿ. ಊರಿನ ನಾಯಕರೊಬ್ಬರು ಮಕ್ಕಳನ್ನು ಕಾಣಲು ಬಂದರು. ಯಾವ ಹುದ್ದೆಯವರು ಎಂದು ಕೇಳಬೇಡಿ, ನನ್ನ ನೌಕರಿ ಇನ್ನೂ ಬಾಕಿ ಇದೆ. ಗಾತ್ರದಲ್ಲಿ ಮಾತ್ರ ದೊಡ್ಡ ನಾಯಕರು.

ಹತ್ತು ನಿಮಿಷದ ಕಾರ್ಯಕ್ರಮ. ವೇದಿಕೆ ಬೇಡ, ಮಕ್ಕಳ ಜೊತೆ ಬೆಂಚಿನಲ್ಲೇ ಕೂಡುತ್ತೇನೆ, ಫೋಟೋ ಚೆನ್ನಾಗಿ ಬರುತ್ತದೆ ಎಂದರು. ನಮ್ಮ ಬೆಂಚುಗಳಿಗೆ ಕೂಡುವ ಹಲಗೆ, ಬರೆಯುವ ಹಲಗೆ ಎರಡೂ ಒಂದೇ ಕಬ್ಬಿಣದ ಚೌಕಟ್ಟಿಗೆ ಬಿಗಿದಿರುತ್ತವೆ. ಐದನೆಯ ತರಗತಿಯ ಮಕ್ಕಳ ಅಳತೆ. ಸಾಹೇಬರು ಓರೆಯಾಗಿ ಒಳಗೆ ನುಗ್ಗಿ, ಗೋಡೆ ಕಡೆ ಕೂತಿದ್ದ ಒಬ್ಬ ಪುಟ್ಟ ಹುಡುಗಿಯ ಪಕ್ಕ ಕೂತರು. ಫೋಟೋ ತೆಗೆದದ್ದಾಯಿತು. ಏಳಲು ಹೋದರು. ಬೆಂಚೂ ಅವರ ಜೊತೆಗೆ ಎದ್ದಿತು.

ಮತ್ತೆ ಕೂತರು. ಮುಖದಲ್ಲಿ ಏನೂ ತೋರಿಸಲಿಲ್ಲ. "ಹೇಳ್ರಿ ಮಕ್ಕಳೇ, ನಿಮ್ಮ ಸಮಸ್ಯೆ ಏನೇನು ಅವ?" ಎಂದರು. ಮಕ್ಕಳು ಹೇಳಿದರು. ನಲ್ಲಿ, ಕಿಟಕಿ, ಫ್ಯಾನು, ಓಣಿಯ ಗಟಾರ. ಅರ್ಧ ಗಂಟೆ, ಮುಕ್ಕಾಲು ಗಂಟೆ. ಅವರ ಕಡೆಯವನೊಬ್ಬ ನನ್ನ ಕಿವಿಯಲ್ಲಿ, "ಮೇಡಂ, ಇಷ್ಟೊತ್ತು ಯಾವ ನಾಯಕ ಮಕ್ಕಳ ಜೋಡಿ ಕುಂತಾರ್ರಿ ಹೇಳ್ರಿ" ಎಂದು ಕಣ್ಣಲ್ಲಿ ನೀರು ತಂದುಕೊಂಡ.

ಬಿಸಿಯೂಟದ ಗಂಟೆ ಹೊಡೆಯಿತು. ಪಕ್ಕದ ಹುಡುಗಿ, "ಸರ, ಏಳ್ರಿ, ಊಟಕ್ಕ ಹೋಗ್ಬೇಕು" ಎಂದಳು. ಸಾಹೇಬರು ಬಗ್ಗಿ ಅವಳ ಕಿವಿಯಲ್ಲಿ ಏನೋ ಹೇಳಿದರು. ಅವಳು ಇಡೀ ಕೋಣೆಗೆ ಕೇಳುವಂತೆ ಕೂಗಿದಳು: "ಮೇಡಂ! ಸಾಹೇಬ್ರು ಸಿಕ್ಕೊಂಡಾರಂತ್ರಿ!"

ಸೂಪರ್ ಮಾರ್ಕೆಟ್ ಪೇಟೆಯ ಕಡೆಯಿಂದ ಒಬ್ಬ ವೆಲ್ಡಿಂಗ್ ಮಿಸ್ತ್ರಿಯನ್ನು ಆಟೋದಲ್ಲಿ ಕರೆತಂದು ನಟ್ಟು ಬಿಚ್ಚಿಸಬೇಕಾಯಿತು. ಸಾಹೇಬರು ಹೋದ ಮೇಲೆ ಆ ಹುಡುಗಿ ತಣ್ಣಗಾದ ಅನ್ನ ಉಣ್ಣುತ್ತ ಬಹಳ ವಿಚಾರ ಮಾಡಿದವಳಂತೆ ನನಗೆ ಹೇಳಿದಳು: "ನಮ್ಮ ಅಬ್ಬಾ ಹೇಳ್ತಿದ್ದರ್ರಿ ಮೇಡಂ, ಇವರಿಗಿ ಒಮ್ಮಿ ಸೀಟ್ ಸಿಕ್ಕರ ಮತ್ತ ಏಳಂಗಿಲ್ಲ ಅಂತ. ನಾ ಸುಳ್ಳು ಅಂದಕೊಂಡಿದ್ದೆ."

ಒಂದಕ್ಕ

ಇನ್ನೊಂದು ಸಲ ಸೇಡಂ ರಸ್ತೆಯ ಒಂದು ಸಭಾಭವನದಲ್ಲಿ ನಾಲ್ಕಾರು ಶಾಲೆಗಳ ಮಕ್ಕಳನ್ನು ಕೂಡಿಸಿ ಸಂವಾದ. ಬಂದವರು ಹೊರಗಿನ ಊರಿನ ಯುವ ನಾಯಕರು. ಮಕ್ಕಳು "ತಮ್ಮ ಮನಸ್ಸಿಗೆ ಬಂದ ಪ್ರಶ್ನೆ"ಗಳನ್ನು ಕೇಳಬೇಕು, ಆ ಪ್ರಶ್ನೆಗಳನ್ನು ನಾನು ಮೂರು ದಿನ ಮುಂಚೆಯೇ ಬರೆದು ಕಳಿಸಬೇಕು ಎಂದು ಅಪ್ಪಣೆಯಾಗಿತ್ತು. ಐದು ಪ್ರಶ್ನೆ ಬರೆದು, ಐದು ಮಕ್ಕಳಿಗೆ ಬಾಯಿಪಾಠ ಮಾಡಿಸಿದೆ. ಅವರ ಸಹಾಯಕರು ಐದು ಉತ್ತರ ಬರೆದು, ನಂಬರು ಹಾಕಿ ನಾಯಕರ ಕೈಗೆ ಕೊಟ್ಟಿದ್ದರು.

ಒಂದು, ಎರಡು ಸುಸೂತ್ರವಾಗಿ ಮುಗಿದವು. ಮೂರನೆಯ ಪ್ರಶ್ನೆ ಬೀದಿ ನಾಯಿಗಳದ್ದು. ಆ ಹುಡುಗಿ ಜಾಗದಲ್ಲಿ ಇರಲಿಲ್ಲ. ನಾನು ಗಾಬರಿಯಲ್ಲಿ ನಾಲ್ಕನೆಯ ಹುಡುಗನ ಕೈಗೆ ಮೈಕ್ ಕೊಟ್ಟೆ. ಅವನು ಎದೆ ಉಬ್ಬಿಸಿ ಕೇಳಿದ: "ಸರ, ನಿಮ್ಮ ಪಕ್ಷದ ಹಿರಿಯ ನಾಯಕರ ಬಗ್ಗೆ ನಿಮ್ಮ ಅಭಿಪ್ರಾಯವೇನು?"

ನಾಯಕರು ಕಾಗದದಲ್ಲಿ ಮೂರನೆಯ ನಂಬರು ಹುಡುಕಿ ಗಂಭೀರವಾಗಿ ಓದಿದರು. "ಒಳ್ಳೆಯ ಪ್ರಶ್ನೆ. ಇವುಗಳ ಕಾಟದ ಬಗ್ಗೆ ನನಗೂ ಬಹಳ ದೂರುಗಳು ಬಂದಿವೆ. ಕೊಲ್ಲುವುದು ಕಾನೂನಿಗೆ ವಿರುದ್ಧ. ಆದ್ದರಿಂದ ಒಂದೊಂದನ್ನೇ ಹಿಡಿದು, ಚುಚ್ಚುಮದ್ದು ಹಾಕಿಸಿ, ಮತ್ತೆ ಅದೇ ಓಣಿಗೆ ಬಿಡುತ್ತೇವೆ."

ಮುಂದಿನ ಸಾಲಿನಲ್ಲಿ ಕೂತಿದ್ದ ಹಿರಿಯರು ಚಪ್ಪಾಳೆ ತಟ್ಟಲು ಎತ್ತಿದ ಕೈಯನ್ನು ಹಾಗೇ ಹಿಡಿದುಕೊಂಡರು. ನಾನು ತಡೆಯುವಷ್ಟರಲ್ಲಿ ಐದನೆಯ ಹುಡುಗಿ ಎದ್ದು, "ನಾಯಿ ಕಚ್ಚಿದರೆ ನಾವು ಏನು ಮಾಡಬೇಕು ಸರ್?" ಎಂದಳು. ನಾಯಕರು ನಾಲ್ಕನೆಯ ಉತ್ತರ ಓದಿದರು: "ಅವರು ನನ್ನ ಪಾಲಿನ ದೇವರು. ಅವರ ಆಶೀರ್ವಾದದಿಂದಲೇ ನಾನು ಇಂದು ಇಲ್ಲಿ ನಿಂತಿದ್ದೇನೆ."

ಮಕ್ಕಳು ಜೋರಾಗಿ ಚಪ್ಪಾಳೆ ಹೊಡೆದರು. ಕಾರ್ಯಕ್ರಮ ಮುಗಿದ ಮೇಲೆ ಸಹಾಯಕರು ಬೆವರು ಒರೆಸಿಕೊಳ್ಳುತ್ತ ನನ್ನ ಬಳಿ ಬಂದರು.

"ಆ ಮೂರನೇ ನಂಬರಿನ ಹುಡುಗಿ ಎಲ್ಲಿಗಿ ಹೋಗಿದ್ದಳ್ರಿ ಮೇಡಂ?"

"ಒಂದಕ್ಕ ಹೋಗಿದ್ದಳ್ರಿ."

"ಒಂದಕ್ಕ ಹೋಗಿ ಮೂರು, ನಾಕು, ಐದು ಎಲ್ಲಾ ಕೆಡಿಸಿದಳಲ್ರೀ!"

ದಿನಾ ಬರ್ತೀರೇನ್ರಿ?

ಆಮೇಲೆ ನನ್ನನ್ನು ಕಮಲಾಪುರಕ್ಕೆ ವರ್ಗ ಮಾಡಿದರು. ಮನೆ ಕಲಬುರಗಿಯಲ್ಲೇ. ದಿನಾ ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು. ಹಳ್ಳಿ ಕಡೆ ನಾಯಕರ ಕಾಟ ಕಡಿಮೆ ಇದ್ದೀತು ಅಂದುಕೊಂಡೆ. ಆದರೆ ಅಲ್ಲಿ ನನಗಾಗಿ ಬೇರೊಂದು ಕಾಟ ಕಾದಿತ್ತು. ಶಾಲೆಯಲ್ಲಿ ಗಣಿತದ ಮಾಸ್ತರು ಇರಲಿಲ್ಲ. ಇದ್ದವರು ನಿವೃತ್ತರಾಗಿ ಎರಡು ವರ್ಷ ಆಗಿತ್ತು, ಬದಲಿಗೆ ಯಾರೂ ಬಂದಿರಲಿಲ್ಲ. ಹೆಡ್ಮಾಸ್ತರು ನನ್ನ ದಾಖಲೆಗಳನ್ನೆಲ್ಲ ತಿರುವಿ ನೋಡಿ, "ಮೇಡಂ, ನೀವು ಪಿಯುಸಿದಾಗ ಸೈನ್ಸ್ ಓದೀರಲ್ಲ?" ಎಂದರು. ಓದಿದ್ದೆ. ಇಪ್ಪತ್ತೇಳು ವರ್ಷದ ಹಿಂದೆ. ಅದೂ ಬಿಟ್ಟು ಓಡಿ ಬಂದು ಕನ್ನಡ ಸೇರಿದ್ದೆ.

ಹೀಗೆ ಹತ್ತನೆಯ ತರಗತಿಗೆ ನಾನೇ ಗಣಿತ ಹೇಳತೊಡಗಿದೆ. ಸಂಧಿ ಬಿಡಿಸಿದ ಹಾಗೆ ಸಮೀಕರಣ ಬಿಡಿಸುತ್ತಿದ್ದೆ. ಪ್ರತಿ ಸಲ ಹೊಸ ಉತ್ತರ ಬರುತ್ತಿತ್ತು. ಆ ತರಗತಿಯ ಲೀಡರ್ ಒಬ್ಬ ಹುಡುಗಿ. ಅವಳ ಅಪ್ಪ ಬಸ್ ಸ್ಟ್ಯಾಂಡಿನ ಹತ್ತಿರ ಬಂಡಿಯಲ್ಲಿ ಕಮಲಾಪುರದ ಕೆಂಪು ಬಾಳೆಹಣ್ಣು ಮಾರುತ್ತಾನೆ. ಪಾಸಾದರೆ ಕಲಬುರಗಿಯ ಕಾಲೇಜಿಗೆ ಕಳಿಸುತ್ತೇನೆ, ಗಣಿತದಲ್ಲಿ ಬಿದ್ದರೆ ಬಂಡಿ ಹಿಂದೆ ಬಂದು ನಿಲ್ಲು ಎಂದು ಅವಳಿಗೆ ಹೇಳಿಬಿಟ್ಟಿದ್ದ. ಅವಳು ಒಂದು ದಿನ ಮೆಲ್ಲಗೆ, "ಮೇಡಂ, ಪುಸ್ತಕದ ಹಿಂದಿನ ಉತ್ತರ ಬ್ಯಾರೆನೇ ಅದರಿ" ಎಂದಳು. ನಾನು, "ಪುಸ್ತಕದಾಗ ತಪ್ಪ ಅಚ್ಚಾಗಿರಬೇಕವ್ವ" ಎಂದೆ. ಇಡೀ ನೌಕರಿಯಲ್ಲಿ ಮಕ್ಕಳಿಗೆ ನಾನು ಹೇಳಿದ ದೊಡ್ಡ ಸುಳ್ಳು ಅದು. ಬಸ್ಸಿನಲ್ಲಿ ಮನೆ ಮುಟ್ಟುವವರೆಗೂ ಚುಚ್ಚುತ್ತಿತ್ತು.

ಅಂಥದರಲ್ಲಿ ಅಲ್ಲಿನ ನಾಯಕರು ಬಂದರು. ರಾಜಕೀಯಕ್ಕೆ ಬರುವ ಮೊದಲು ರಸ್ತೆ, ಚರಂಡಿ ಕೆಲಸ ಹಿಡಿಯುತ್ತಿದ್ದ ಕಾಂಟ್ರಾಕ್ಟರು. ಮನುಷ್ಯ ಒರಟರಾದರೂ ಕೆಟ್ಟವರಲ್ಲ. ತಾವು ಮಕ್ಕಳಿಗೆ ಪಾಠ ಮಾಡುವಂಥ ಫೋಟೋ ಅವರಿಗೆ ಬೇಕಿತ್ತು. ಹತ್ತನೆಯ ತರಗತಿಗೆ ಹೋಗಿ, ಸುಣ್ಣದ ಕಡ್ಡಿ ಹಿಡಿದು, ಕರಿಹಲಗೆಯ ಮೇಲೆ ನಾನು ಅರ್ಧಕ್ಕೆ ಬಿಟ್ಟಿದ್ದ ಸಮೀಕರಣದ ಮುಂದೆ ನಿಂತರು.

ನಮ್ಮ ಮಕ್ಕಳಿಗೆ ಅವರು ಯಾರೆಂದು ಯಾರೂ ಹೇಳಿರಲಿಲ್ಲ. ಬಿಳಿ ಅಂಗಿ, ಕನ್ನಡಕ, ಕೈಯಲ್ಲಿ ಸುಣ್ಣದ ಕಡ್ಡಿ. ಎಲ್ಲರ ಮುಖ ಅರಳಿತು. ನಮ್ಮ ಲೀಡರ್ ಹುಡುಗಿ ಎದ್ದು ನಿಂತು, "ಸರ, ನೀವು ದಿನಾ ಬರ್ತೀರೇನ್ರಿ?" ಎಂದು ಕೇಳಿದಳು.

"ದಿನಾ ನಿಮ್ಮ ಸೇವಾದಾಗೇ ಇರ್ತೀನವ್ವ" ಎಂದರು ನಾಯಕರು, ಕ್ಯಾಮೆರಾ ನೋಡುತ್ತ.

ಅಷ್ಟೇ ಸಾಕಾಯಿತು. ನಲವತ್ತು ನೋಟ್ ಬುಕ್ಕು ಒಟ್ಟಿಗೆ ಮೇಲೆದ್ದವು. "ಸರ, ಇದ ಬಿಡಿಸಿ ತೋರಸ್ರಿ." "ಸರ, ನನ್ನದೂ." "ಸರ, ಇಲ್ಲಿ ಎಕ್ಸ್ ಎಷ್ಟ ಬರ್ತದ್ರಿ?" ನಾಯಕರು ಎರಡು ಹೆಜ್ಜೆ ಹಿಂದೆ ಸರಿದು, ಕರಿಹಲಗೆ ಬೆನ್ನಿಗೆ ತಾಗಿದ ಮೇಲೆ, ಗಂಟಲು ಸರಿಮಾಡಿಕೊಂಡರು.

"ಈ ಸಮಸ್ಯೆ ನನ್ನ ಗಮನಕ್ಕ ಬಂದದ. ಮ್ಯಾಲಿನವರ ಹತ್ರ ಒಯ್ತೀನಿ. ಹದಿನೈದು ದಿನದಾಗ ಉತ್ತರ ಬರ್ತದ."

ಜಾಗಾ

ಹದಿನೈದು ದಿನವಲ್ಲ, ಎರಡು ತಿಂಗಳು ಕಳೆಯಿತು. ಎಕ್ಸ್ ಬರಲಿಲ್ಲ, ಮಾಸ್ತರರೂ ಬರಲಿಲ್ಲ. ನಾಯಕರು ಮಾತ್ರ ಮತ್ತೆ ಬರುತ್ತೇನೆಂದು ಹೇಳಿ ಕಳಿಸಿದರು. ಈ ಸಲ ಬಿಡಬಾರದು, ಆ ಹುಡುಗಿಯಿಂದಲೇ ಮೈಕಿನಲ್ಲಿ ಕೇಳಿಸಬೇಕು ಎಂದು ನಿಶ್ಚಯಿಸಿದೆ. "ಗಣಿತ ಶಿಕ್ಷಕರ ಹುದ್ದೆ ಖಾಲಿ ಇದೆ, ಭರ್ತಿ ಮಾಡಿ" ಎಂದು ಬರೆದುಕೊಟ್ಟೆ.

ಹೆಡ್ಮಾಸ್ತರು ಓದಿ ಹಣೆ ಒತ್ತಿಕೊಂಡರು. "ಗಣಿತ ಮಾಸ್ತರ್ ಇಲ್ಲ ಅಂತ ಮೈಕಿನಾಗ ಅಂದ್ರ ಪೇಪರಿನ್ಯಾಗ ಬರ್ತದ, ಮ್ಯಾಲಿನವರು ನನಗ ನೋಟಿಸ್ ಕೊಡ್ತಾರ್ರಿ. ಹುದ್ದೆ ಅನ್ನೋ ಶಬ್ದಾನೂ ಬ್ಯಾಡ. ಸಾಹೇಬ್ರಿಗಿ ಮೊನ್ನೆ ಒಂದ್ ಹುದ್ದೆ ಕೈತಪ್ಪೇದ, ಹುದ್ದೆ ಅಂದ್ರ ಸಿಟ್ಟು ಮಾಡ್ತಾರ. ಸೂಕ್ಷ್ಮ ಮಾಡಿ ಬರೀರಿ."

ನಾನು ಸೂಕ್ಷ್ಮ ಮಾಡಿದೆ. ನಮ್ಮ ಕಡೆ ನೌಕರಿಗೂ ಜಾಗಾ ಅಂತಲೇ ಅನ್ನುವುದು. ಇಪ್ಪತ್ತೆರಡು ವರ್ಷ ಕನ್ನಡ ಕಲಿಸಿದವಳು ನಾನು, ಕೊನೆಗೆ ಬರೆದ ವಾಕ್ಯ ಇದು: "ನಮ್ಮ ಸಾಲ್ಯಾಗ ಭಾಳ ದಿನದಿಂದ ಒಂದು ಜಾಗಾ ಖಾಲಿ ಅದ. ದಯಮಾಡಿ ಲಗೂನ ತುಂಬಿಸಿಕೊಡ್ರಿ."

ಹುಡುಗಿ ಒಂದಕ್ಷರ ತಪ್ಪದೆ ಹೇಳಿದಳು. ಹಳೆಯ ಕಾಂಟ್ರಾಕ್ಟರ ಕಿವಿ ನೆಟ್ಟಗಾಯಿತು. ನಮ್ಮ ಶಾಲೆಯ ಹಿಂದೆ ಮಳೆನೀರು ನಿಲ್ಲುವ ಒಂದು ದೊಡ್ಡ ತಗ್ಗು ಇರುವುದು ಆ ಕ್ಷಣ ನಮ್ಮ ಯಾರಿಗೂ ನೆನಪಾಗಲಿಲ್ಲ.

"ಎಷ್ಟ್ ದಿನದಿಂದ ಖಾಲಿ ಬಿದ್ದದವ್ವ?"

"ಎರಡ ವರ್ಷ ಆತ್ರಿ."

"ತ್ರಾಸ ಆಗಾಕತ್ತದೇನು?"

ಹುಡುಗಿ ಮೈಕ್ ಹತ್ತಿರ ಎಳೆದುಕೊಂಡಳು. "ಭಾಳ ತ್ರಾಸ್ರಿ ಸರ. ಹೀಂಗ ಬಿಟ್ಟರ ಈ ವರ್ಷ ಹತ್ತನೇ ಕ್ಲಾಸಿನವರು ಎಲ್ಲಾರೂ ಬೀಳ್ತೀವ್ರಿ."

ನಾಯಕರು ಕುರ್ಚಿಯಿಂದ ಎದ್ದೇಬಿಟ್ಟರು. "ಮಕ್ಕಳು ಬೀಳಬಾರದು! ಮೂರ ದಿನ. ಮೂರೇ ದಿನದಾಗ ತುಂಬಸ್ತೀನಿ!"

ಚಪ್ಪಾಳೆ. ನನಗೆ ಕಣ್ಣು ತುಂಬಿ ಬಂದು ವಂದನಾರ್ಪಣೆಯಲ್ಲಿ ಮಾತು ತೊದಲಿತು. ಮೂರನೆಯ ದಿನ ಬೆಳಿಗ್ಗೆ ನಾಯಕರ ಮನೆಯಿಂದ ಹೆಡ್ಮಾಸ್ತರಿಗೆ ಫೋನ್ ಬಂತು: "ಕಳಿಸೀವ್ರಿ. ದಾರ್ಯಾಗ ಅದ. ಇಳಿಸ್ಕೋರಿ." ಮಾಸ್ತರರನ್ನು "ಅದ" ಎಂದರಲ್ಲ ಎಂದು ನಮಗೆ ಅನುಮಾನವೇ ಬರಲಿಲ್ಲ. ದೊಡ್ಡವರ ಮನೆಯಲ್ಲಿ ಮಾಸ್ತರರ ಬಗ್ಗೆ ಹಾಗೆಯೇ ಮಾತಾಡುತ್ತಾರೆ. ಹೆಡ್ಮಾಸ್ತರು ಇಳಿಸಿಕೊಳ್ಳಲು ಬಸ್ ಸ್ಟ್ಯಾಂಡಿಗೆ ಹೋದರು. ಹುಡುಗಿ ಅಪ್ಪನ ಬಂಡಿಯಿಂದ ಕೆಂಪು ಬಾಳೆಹಣ್ಣಿನ ಒಂದು ಚಿಪ್ಪು ತಂದು ಮೇಜಿನ ಮೇಲಿಟ್ಟಳು. ನಾನು ಹೊಸ ಸುಣ್ಣದ ಕಡ್ಡಿಯ ಡಬ್ಬಿ ಒಡೆದೆ.

ಹನ್ನೊಂದು ಗಂಟೆಗೆ ಗೇಟಿನಲ್ಲಿ ಗುಡುಗಿದಂಥ ಸದ್ದಾಯಿತು. ಹೋಗಿ ನೋಡಿದರೆ ಒಂದರ ಹಿಂದೊಂದು ಆರು ಟಿಪ್ಪರು, ತುಂಬ ಮುರುಮ್ ಮಣ್ಣು. ಮುಂದಿನ ಟಿಪ್ಪರಿನ ಡ್ರೈವರು ತಲೆ ಹೊರಗೆ ಹಾಕಿ, "ಜಾಗಾ ಎಲ್ಲದರಿ ಮೇಡಂ? ಎಲ್ಲಿ ಸುರೀಲಿ?" ಎಂದ.

ನನಗೆ ಆಗ ಅರ್ಥವಾಯಿತು. ಗೇಟಿನ ಕಟ್ಟೆ ಮೇಲೆ ಕೂತುಬಿಟ್ಟೆ. "ಇಷ್ಟೊಂದು ಮಣ್ಣು ಎಲ್ಲಿಂದ ತಂದ್ರಪ್ಪ?" ಎಂದು ಕೇಳಿದೆ.

"ಅತ್ಲಾಗೊಂದು ಕಡಿ ಅಗದೀವ್ರಿ. ಇಲ್ಲಿ ತುಂಬಬೇಕಂದ್ರ ಅಲ್ಲೆಲ್ಲರ ತಗ್ಗ ಬೀಳಬೇಕಲ್ರಿ" ಎಂದ ಅವನು.

ಬಸ್ ಸ್ಟ್ಯಾಂಡಿನಲ್ಲಿ ಹೆಡ್ಮಾಸ್ತರು ಮಧ್ಯಾಹ್ನ ಎರಡರವರೆಗೆ ಕಾದರು. ಕಲಬುರಗಿ ಬಸ್ಸಿನಿಂದ ಇಳಿದ ಕನ್ನಡಕದವರನ್ನೆಲ್ಲ ತಡೆದು, "ಗಣಿತಾರೀ?" ಎಂದು ಕೇಳುತ್ತಿದ್ದರಂತೆ.

ಆ ಜಾಗಾ ಅಲ್ರಿ

ತಗ್ಗು ಒಳ್ಳೆಯ ಮೈದಾನವಾಯಿತು, ಸುಳ್ಳು ಹೇಳಬಾರದು. ನಾಯಕರು ನೋಡಲು ಬಂದರು. ಹೆಡ್ಮಾಸ್ತರು, "ಬಂದದ್ದು ಬಂತು, ಆ ಹುಡುಗಿ ಕೈಲೆ ಧನ್ಯವಾದ ಹೇಳಿಸಿ ಕಳಿಸ್ರಿ ಮೇಡಂ, ನನ್ನ ಬಿ.ಪಿ. ಏರೇದ" ಎಂದರು. ನಾನು ಬರೆದುಕೊಟ್ಟೆ. ಯಾವ ಮುಖ ಇಟ್ಟುಕೊಂಡು ಬರೆದೆನೋ ನನಗೇ ಗೊತ್ತಿಲ್ಲ.

ಹುಡುಗಿ ಮೈಕಿನ ಮುಂದೆ ನಿಂತು ಕಾಗದ ನೋಡಿದಳು. ಮಡಚಿದಳು. "ಸರ, ನೀವು ತುಂಬಿಸಿದ ಜಾಗಾ ಭಾರಿ ಚಂದ ಆಗ್ಯದ್ರಿ. ಖರೆ, ನಾ ಕೇಳಿದ್ದು ಆ ಜಾಗಾ ಅಲ್ರಿ. ಗಣಿತ ಮಾಸ್ತರ ಜಾಗಾರಿ."

ನಾಯಕರು ಹೆಡ್ಮಾಸ್ತರನ್ನು ನೋಡಿದರು. ಹೆಡ್ಮಾಸ್ತರು ನನ್ನನ್ನು ನೋಡಿದರು. ನಾನು ಮೈಕಿನ ವೈರು ನೋಡಿದೆ.

"ಹಂಗಾರ ಬೀಳ್ತೀವಿ ಅಂದಿ?" ಎಂದರು ನಾಯಕರು.

"ಪರೀಕ್ಷಾದಾಗ್ರಿ."

ನಾಯಕರು ತಿರುಗಿ ಮೈದಾನದ ಕಡೆ ನೋಡಿದರು. ಆಮೇಲೆ ಆ ಮನುಷ್ಯ ನಕ್ಕರು. ಫೋಟೋದ ನಗು ಅಲ್ಲ, ಹೊಟ್ಟೆ ಅಲುಗುವಂಥ ನಗು. "ನಾನೂ ಗಣಿತದಾಗ ಮೂರ ಸಲ ಬಿದ್ದವ ಇದ್ದೀನವ್ವ. ನನಗ ಯಾರೂ ಬಂದು ಮುರುಮ್ ಹಾಕಲಿಲ್ಲ" ಎಂದರು. ಅಲ್ಲೇ ನಿಂತು ಯಾರಿಗೋ ಫೋನ್ ಹಚ್ಚಿ ಬೈದರು. ಆ ಹೊತ್ತಿನಲ್ಲಿ ನನಗೆ ಅವರ ಮೇಲೆ ನಿಜವಾಗಿ ಪ್ರೀತಿ ಬಂತು. ಕೈಯಲ್ಲಿ ಕಾಗದವಿಲ್ಲದೆ, ಪಕ್ಕದಲ್ಲಿ ಸಹಾಯಕನಿಲ್ಲದೆ ಒಬ್ಬ ನಾಯಕ ಮಗುವಿನ ಜೊತೆ ಮಾತಾಡಿದ್ದನ್ನು ನಾನು ಅಷ್ಟು ವರ್ಷಗಳಲ್ಲಿ ನೋಡಿದ್ದು ಅದೊಂದೇ ಸಲ. ವರದಿಯ ಲಾಭದ ಕಲಂನಲ್ಲಿ, "ನಾಯಕರಿಗೆ ಜಾಗ ಎಂಬ ಪದದ ಎರಡನೆಯ ಅರ್ಥ ತಿಳಿಯಿತು" ಎಂದು ಬರೆದೆ. ಹೆಡ್ಮಾಸ್ತರು ಹೊಡೆದು ಹಾಕಿ, ನಾಯಕತ್ವದ ಅರಿವನ್ನೇ ಮತ್ತೆ ಮೂಡಿಸಿದರು.

ವಾರ ಕಳೆದು ಮತ್ತೆ ಫೋನ್ ಬಂತು, ಕಳಿಸಿದ್ದೇವೆ ಎಂದು. ಹೆಡ್ಮಾಸ್ತರು ಈ ಸಲ ಮೊದಲೇ ಕೇಳಿದರು: "ಬರೋದು ಮನಷ್ಯಾನೇ ಹೌದಲ್ರಿ?"

ಮನುಷ್ಯರೇ. ಸಣಕಲು ಮೈಯ, ಟಿಫಿನ್ ಡಬ್ಬಿ ಹಿಡಿದ ಮಾಸ್ತರು ಬಸ್ಸಿನಿಂದ ಇಳಿದು ಬಂದರು. ಬಂದವರೇ ನೀರೂ ಕುಡಿಯದೆ ಹತ್ತನೆಯ ತರಗತಿಗೆ ಹೋದರು. ಅರ್ಧ ಗಂಟೆಗೆ ಹುಡುಗಿ ಸ್ಟಾಫ್ ರೂಮಿಗೆ ಓಡಿ ಬಂದಳು. "ಮೇಡಂ, ಪುಸ್ತಕದ ಹಿಂದಿನ ಉತ್ತರಾನೇ ಬಂತ್ರಿ! ಪುಸ್ತಕದಾಗ ತಪ್ಪ ಇರಲಿಲ್ರಿ!"

"ಹೌದವ್ವ, ತಪ್ಪ ನನ್ನದಿತ್ತು" ಎಂದೆ. ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು.

ಚಹಾದ ಹೊತ್ತಿನಲ್ಲಿ ಮಾಸ್ತರರಿಗೆ ಒಂದು ಬಾಳೆಹಣ್ಣು ಕೊಟ್ಟು, "ಮೊದಲ ಎಲ್ಲಿದ್ರಿ ಸರ?" ಎಂದು ವಿಚಾರಿಸಿದೆ.

"ಗಾಜಿಪುರ ಕಡಿ ರೀ. ನೀವು ಮೊದಲಿದ್ದ ಸಾಲಿ."

ಚಹಾದ ಕಪ್ಪು ಕೆಳಗಿಟ್ಟೆ. "ಮತ್ತ ಅಲ್ಲಿ ಹತ್ತನೇದವರಿಗಿ ಈಗ ಗಣಿತ ಯಾರ್ ಹೇಳ್ತಾರ್ರಿ?"

"ಕನ್ನಡ ಟೀಚರಿಗಿ ಒಪ್ಪಿಸ್ಯಾರಂತ್ರಿ."

ಟಿಪ್ಪರ್ ಡ್ರೈವರು ಅಂದದ್ದೇ ನಿಜವಾಯಿತು. ಅಲ್ಲೂ ಯಾರದೋ ಮಗಳು ಪುಸ್ತಕದ ಹಿಂದಿನ ಉತ್ತರ ನೋಡುತ್ತಿರುತ್ತಾಳೆ.

ಭಾನುವಾರ ರೊಟ್ಟಿ ಬಡಿಯುತ್ತಿದ್ದಾಗ ಫೋನ್ ಬಂತು. ಗಾಜಿಪುರದ ಶಾಲೆಯ ಕನ್ನಡ ಟೀಚರು, ನನ್ನ ಹಳೆಯ ಗೆಳತಿ. ದನಿ ಸೋತುಹೋಗಿತ್ತು.

"ಅಕ್ಕಾ, ನಮ್ಮ ಸಾಲ್ಯಾಗ ಒಂದ್ ಜಾಗಾ ಖಾಲಿ ಆಗ್ಯದ. ನಾಡಿದ್ದು ಸಾಹೇಬ್ರೊಬ್ಬರು ಸಂವಾದಕ್ಕ ಬರಾಕತ್ತಾರ. ಮಕ್ಕಳ ಕೈಲೆ ಏನಂತ ಕೇಳಿಸಲಿ? ನಿನಗ ಅನುಭವ ಅದ, ಹೇಳು."

ನಾನು ರೊಟ್ಟಿ ತಿರುವಿ ಹಾಕಿದೆ.

"ಏನರ ಕೇಳಸವ್ವ. ತುಂಬಸ್ರಿ ಅಂತ ಮಾತ್ರ ಅನಿಸಬ್ಯಾಡ. ನಿಮ್ಮ ಸಣ್ಣ ಓಣ್ಯಾಗ ಟಿಪ್ಪರ್ ಹೊಳ್ಳಂಗಿಲ್ಲ."